ಮಾರ್ತವ್ವನ ಕಲ್ಲು

ಹೊಳೆಯ ದಂಡೆಯಲ್ಲಿ ಒಂದು ಕ್ರೈಸ್ತ ಆಶ್ರಮ. ನಾಲ್ಕು ಕೋಣೆ, ಒಂದು ಪ್ರಾರ್ಥನೆಯ ಪಡಸಾಲೆ, ಒಂದು ಬೇವಿನ ಮರ. ಸಮಾಧಾನ ಅಯ್ಯನವರು ಅಲ್ಲಿಯ ಗುರು.

ಅವರ ಬಳಿಗೆ ಜೀವರತ್ನ ಎಂಬವನು ಶಿಷ್ಯನಾಗಿ ಬಂದ. ಮೂವತ್ತು ದಾಟಿದ ವಯಸ್ಸು. ಏಳು ವರ್ಷ ಬೆಟ್ಟಗುಡ್ಡ ಅಲೆದು ಕಲ್ಲುಗಳ ವಯಸ್ಸು ಅಳೆಯುವ ಕೆಲಸ ಮಾಡಿದ್ದ. ಅವನ ಚೀಲದಲ್ಲಿ ಧರ್ಮಗ್ರಂಥವೂ ಇತ್ತು, ಕಲ್ಲೊಡೆಯುವ ಸುತ್ತಿಗೆಯೂ ಇತ್ತು. ಯಾವುದನ್ನು ಹೊರಗೆ ತೆಗೆದರೂ ಇನ್ನೊಂದು ಅವನನ್ನು ದಿಟ್ಟಿಸುತ್ತಿತ್ತು.

ಬಂದ ವಾರದಲ್ಲೇ ಹೊಳೆಯಂಚಿನಿಂದ ಒಂದು ಚಪ್ಪಟೆ ಕಲ್ಲನ್ನು ಹೊತ್ತು ತಂದ. ಕೆಂಪು ಮರಳುಗಲ್ಲು. ಅದರ ಮೈಮೇಲೆ ಅಲೆ ಅಲೆಯಾಗಿ ಗೆರೆಗಳು.

"ಗುರುಗಳೇ, ಇದು ನೀರಿನ ಗುರುತು. ಇಲ್ಲಿ ಹಿಂದೆ ಆಳವಿಲ್ಲದ ನೀರು ನಿಂತಿತ್ತು. ಅಲೆ ಬಂದು ಮರಳನ್ನು ಹೀಗೆ ಮಡಿಸಿತು. ಮರಳು ಕಲ್ಲಾಯಿತು. ಆಗಿ ನೂರು ಕೋಟಿ ವರ್ಷದ ಹತ್ತಿರ ಹತ್ತಿರ. ಗ್ರಂಥ ನೋಡಿದರೆ ಲೋಕವೆಲ್ಲ ಆದದ್ದು ಆರೇ ದಿನದಲ್ಲಿ ಅನ್ನುತ್ತದೆ. ಯಾವುದನ್ನು ನಂಬಲಿ?"

ಅಯ್ಯನವರು ಕಲ್ಲನ್ನು ಸವರಿ ನೋಡಿದರು. ಸುತ್ತ ನಡೆದು ನೋಡಿದರು. ಆಮೇಲೆ ತಮ್ಮ ಪಂಚೆಯನ್ನು ನೀರಿನಲ್ಲಿ ಅದ್ದಿ ತಂದು ಆ ಗೆರೆಗಳ ಮೇಲೆ ಉಜ್ಜತೊಡಗಿದರು.

"ಒಳ್ಳೇ ಕಲ್ಲು ತಂದಿದ್ದೀಯ. ಕೊಳೆ ಚೆನ್ನಾಗಿ ಬಿಡುತ್ತದೆ," ಎಂದರು.

ಜೀವರತ್ನನಿಗೆ ನಗು ಬರಲಿಲ್ಲ. ಗುರು ತನ್ನ ಪ್ರಶ್ನೆಗೆ ಉತ್ತರ ಕೊಟ್ಟರೋ, ಅದನ್ನೂ ಒಗೆದು ಹಾಕಿದರೋ ತಿಳಿಯಲಿಲ್ಲ.

ಒಂದು ಶನಿವಾರ ಅಯ್ಯನವರು ಹೇಳಿದರು, "ನಾಳೆಯ ಬೋಧನೆ ನಿನ್ನದು. ಗ್ರಂಥದ ಮೊದಲ ಅಧ್ಯಾಯ ಓದು. ನಿನಗೆ ಕಂಡದ್ದನ್ನು ಹೇಳು."

"ಕಂಡದ್ದನ್ನೆಲ್ಲ ಹೇಳಲೇ?"

"ಕಾಣದ್ದನ್ನು ಹೇಗೆ ಹೇಳುತ್ತೀ?"

ಭಾನುವಾರ ಸುತ್ತಲಿನ ಹಳ್ಳಿಗಳಿಂದ ಮೂವತ್ತು ಮಂದಿ ಬಂದು ಚಾಪೆಯ ಮೇಲೆ ಕೂತರು. ಹೆಚ್ಚಿನವರು ಕಲ್ಲುಕುಟಿಗರು. ಜೀವರತ್ನ ಸೃಷ್ಟಿಯ ಕಥೆ ಓದಿದ: ಮೊದಲು ಯಾವುದಕ್ಕೂ ಆಕಾರವಿರಲಿಲ್ಲ, ಎಲ್ಲೆಲ್ಲೂ ಕತ್ತಲು; ದೇವರು ಆರು ದಿನದಲ್ಲಿ ಎಲ್ಲವನ್ನೂ ಮಾಡಿ, ನೋಡಿ, ಒಳ್ಳೆಯದು ಎಂದನು. ಆಮೇಲೆ ಮಾತು ಹೊಳೆಯಂತೆ ಹರಿಯಿತು. ವಿಶ್ವ ಹುಟ್ಟಿ ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷವಾಯಿತು ಎಂದ. ಆ ಆರು ದಿನ ನಮ್ಮ ನಿಮ್ಮ ದಿನಗಳಲ್ಲ, ಒಂದೊಂದೂ ಯುಗಯುಗವೇ ಇರಬಹುದು ಎಂದ. ಆಕಾಶದ ನಕ್ಷತ್ರಗಳ ಮುಂದೆ ನಮ್ಮ ಭೂಮಿ ಒಂದು ರಾಗಿಕಾಳೂ ಅಲ್ಲ, ಮನುಷ್ಯ ಬಂದದ್ದಂತೂ ಮೊನ್ನೆ ಮೊನ್ನೆ ಎಂದ. ಹೇಳುತ್ತ ಹೇಳುತ್ತ ಅವನಿಗೇ ರೋಮಾಂಚನವಾಯಿತು.

ಮುಗಿದಾಗ ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ. ಕಲ್ಲುಕುಟಿಗ ದಾನಪ್ಪ. ಮೂರು ತಿಂಗಳ ಹಿಂದೆ ಹೆಂಡತಿ ಮಾರ್ತವ್ವ ತೀರಿಕೊಂಡಿದ್ದಳು.

"ಒಂದ್ ಮಾತು ಕೇಳಲೇನ್ರಿ?"

"ಕೇಳಿ."

"ಇಷ್ಟ್ ದೊಡ್ಡದರಾಗ, ನಮ್ಮ ಮಾರ್ತವ್ವ ದೇವರ ಕಣ್ಣಿಗೆ ಬಿದ್ದಿರ್ತಾಳೇನ್ರಿ?"

ಜೀವರತ್ನ ಗ್ರಂಥವನ್ನು ಮುಚ್ಚಿದ. ಪಡಸಾಲೆಯೆಲ್ಲ ಅವನನ್ನೇ ನೋಡುತ್ತಿತ್ತು.

"ಅದು... ಅದು ಬೇರೆ ಪ್ರಶ್ನೆ," ಎಂದುಬಿಟ್ಟ.

ದಾನಪ್ಪ ತಲೆಯಾಡಿಸಿದ. ವಲ್ಲಿಯನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಜೀವರತ್ನನಿಗೆ ಊಟ ಸೇರದಾಯಿತು. ಗುರುಗಳ ಮುಂದೆ ಹೋಗಿ ನಿಂತ.

"ನಾನು ಹೇಳಿದ್ದರಲ್ಲಿ ತಪ್ಪಿತ್ತೇ?"

"ಕಲ್ಲಿನ ವಿಷಯ ಸರಿಯಾಗಿಯೇ ಹೇಳಿದೆ."

"ನಕ್ಷತ್ರದ ವಿಷಯ?"

"ಅದೂ ಸರಿಯೇ ಇರಬೇಕು."

"ಮತ್ತೆ ದಾನಪ್ಪ ಯಾಕೆ ಬರುತ್ತಿಲ್ಲ?"

"ಅವನು ಪ್ರಶ್ನೆ ಕೇಳಿದ. ನೀನು ಅದನ್ನು ಬೇರೆ ಎಂದೆ. ಬೇರೆ ಎಂದ ಮೇಲೆ ಇಲ್ಲಿ ಅವನಿಗೇನು ಕೆಲಸ?"

"ಹಾಗಾದರೆ ಏನು ಹೇಳಬೇಕಿತ್ತು?"

ಅಯ್ಯನವರು ಬಾಗಿಲ ಬಳಿಯಿದ್ದ ಅವನ ಚಪ್ಪಲಿಯನ್ನು ತಂದು ಅವನ ಕಾಲ ಬಳಿ ಇಟ್ಟರು.

ದಾನಪ್ಪ ಕೆಲಸ ಮಾಡುವ ಜಾಗ ಹೊಳೆಯ ಮೇಲ್ಭಾಗದಲ್ಲಿ, ನಡೆದರೆ ಅರ್ಧ ತಾಸು. ಜೀವರತ್ನ ಅಲ್ಲಿಗೆ ಹೋದಾಗ ದಾನಪ್ಪ ಸುಮ್ಮನೆ ಕೂತಿದ್ದ. ಎದುರಿಗೆ ಆಳೆತ್ತರದ ಒಂದು ಕಲ್ಲು ಮಲಗಿತ್ತು. ಅದರ ಮೇಲೆ ಎರಡೇ ಪದ ಕೆತ್ತಿತ್ತು: ದೇವರು ಅವಳನ್ನು.

"ಮಾರ್ತವ್ವನ ಸಮಾಧಿಗೆ," ಎಂದ ದಾನಪ್ಪ. "ದೇವರು ಅವಳನ್ನು ನೋಡಿದನು, ಒಳ್ಳೆಯವಳು ಎಂದನು. ಹಂಗ ಬರೀಬೇಕಂತ ಮಾಡಿದ್ದೆ. ನಿಮ್ಮ ಮಾತು ಕೇಳಿದ ಮ್ಯಾಲ ಕೈ ಏಳವಲ್ದು."

"ಯಾಕೆ?"

"ಸುಳ್ಳು ಕೆತ್ತಬಾರದಲ್ರಿ. ಬಾಯಿ ಮಾತಾದ್ರ ಗಾಳಿಗೆ ಹೋಗತೈತಿ. ಕಲ್ಲಿನ ಮ್ಯಾಲಿಂದು ಹೋಗಂಗಿಲ್ಲ."

ಜೀವರತ್ನ ಕಲ್ಲಿನ ಪಕ್ಕ ಕೂತ. ಅದರ ಅಂಚಿನಲ್ಲೂ ಆ ಅಲೆಯ ಗೆರೆಗಳಿದ್ದವು. ಕೈ ತಾನಾಗಿ ಅತ್ತ ಹೋಯಿತು.

"ಅದು ಹಳೇ ನೀರಿನ ಗುರುತು," ಎಂದ ದಾನಪ್ಪ. "ನಮ್ಮಜ್ಜ ಹೇಳ್ತಿದ್ದ. ಈ ನಾಡೆಲ್ಲ ಒಂದಾನೊಂದು ಕಾಲಕ್ಕ ನೀರಾಗ ಇತ್ತಂತ. ಅದನ್ನ ಕೇಳಿ ನಾ ಹೆದರಿಲ್ರಿ. ಕಲ್ಲು ಹಳೇದಾದಷ್ಟೂ ಚಲೋ."

ಜೀವರತ್ನನಿಗೆ ಗಲಿಬಿಲಿಯಾಯಿತು. ದಾನಪ್ಪನ ನಂಬಿಕೆಯನ್ನು ತನ್ನ ವರ್ಷಗಳ ಲೆಕ್ಕ ಮುರಿಯಿತು ಎಂದುಕೊಂಡಿದ್ದ. ಆ ಲೆಕ್ಕ ಅವನಿಗೆ ನಾಟಿರಲೇ ಇಲ್ಲ.

ಆಮೇಲೆ ಕೇಳಿದ, "ಮಾರ್ತವ್ವ ಹೇಗಿದ್ದರು?"

ದಾನಪ್ಪ ಪಕ್ಕದಲ್ಲಿದ್ದ ಸುತ್ತಿಗೆಯನ್ನು ಸವರಿದ.

"ನನ್ನ ಸುತ್ತಿಗಿ ಸಪ್ಪಳ ಮನೀತನಕ ಕೇಳ್ತಿತ್ರಿ. ಆ ಸಪ್ಪಳದಾಗ ನನ್ನ ಸಿಟ್ಟು ಗುರುತು ಹಿಡೀತಿದ್ಲು. ಸಿಟ್ಟಿನ ದಿನ ರೊಟ್ಟಿ ಜತಿ ಬೆಲ್ಲ ಕಟ್ಕೊಂಡು ಬರಾಕಿ. ಯಾಕ ಅಂತ ಹೇಳ್ತಿದ್ದಿಲ್ಲ. ನಾನೂ ಕೇಳ್ತಿದ್ದಿಲ್ಲ. ಮೂವತ್ತೊಂದ್ ವರ್ಷ."

ಅಲ್ಲಿಂದ ಮಾತು ಮಾತಿಗೆ ಕೂಡಿತು. ಅವಳ ಮುಂಗೋಪ, ಅವಳ ಕೆಮ್ಮು, ಪ್ರಾರ್ಥನೆಯಲ್ಲಿ ರಾಗ ತಪ್ಪಿ ಹಾಡಿದರೂ ದನಿ ತಗ್ಗಿಸದ ಅವಳ ಹಟ. ಬಿಸಿಲು ನೆತ್ತಿಗೆ ಬಂದರೂ ಜೀವರತ್ನ ಏಳಲಿಲ್ಲ.

ಕೊನೆಗೆ ದಾನಪ್ಪ ಉಳಿಯನ್ನು ಕೈಗೆ ತೆಗೆದುಕೊಂಡ.

"ಈಗ ಹೇಳ್ರಿ. ಅವ ನೋಡ್ಯಾನೋ ಇಲ್ಲೋ? ನೀವು ಓದಿದವರು."

ಜೀವರತ್ನನಿಗೆ ಹೌದು ಎಂದುಬಿಡುವ ಆಸೆಯಾಯಿತು. ನಾಲಿಗೆಯ ತುದಿಗೂ ಬಂತು. ಆದರೆ ಆ ಕಲ್ಲಿನ ಮುಂದೆ ಹೇಳಲಾಗಲಿಲ್ಲ.

"ಗೊತ್ತಿಲ್ಲ ದಾನಪ್ಪ. ಆವತ್ತೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ಬೇರೆ ಪ್ರಶ್ನೆ ಎಂದೆ. ನನ್ನದು ತಪ್ಪಾಯಿತು."

ದಾನಪ್ಪ ಅವನ ಮುಖವನ್ನೇ ನೋಡಿದ. ಆಮೇಲೆ ಪಕ್ಕದ ತಂಬಿಗೆಯನ್ನು ಅವನ ಕಡೆ ಸರಿಸಿದ.

"ನೀರು ಹಾಕ್ರಿ. ಧೂಳು ಕಣ್ಣಿಗೆ ಬರತೈತಿ."

ಉಳಿಯ ಮೇಲೆ ಸುತ್ತಿಗೆ ಬಿತ್ತು. ಜೀವರತ್ನ ನೀರು ಹನಿಸುತ್ತ ಹೋದ. ಒಂದೊಂದೇ ಅಕ್ಷರ ಎದ್ದು ಬಂತು. ಸಂಜೆಗೆ ಸಾಲು ಪೂರ್ತಿಯಾಯಿತು. ಯಾವ ಧೈರ್ಯದ ಮೇಲೆ ಕೆತ್ತಿದೆ ಎಂದು ಅವನು ಕೇಳಲಿಲ್ಲ, ದಾನಪ್ಪ ಹೇಳಲೂ ಇಲ್ಲ. ಬೀಳ್ಕೊಡುವಾಗ ಇಷ್ಟೇ ಅಂದ: "ಆಯ್ತವಾರ ಪ್ರಾರ್ಥನಿಗೆ ಬರ್ತೀನ್ರಿ."

ಆಶ್ರಮಕ್ಕೆ ಮರಳಿದ ಜೀವರತ್ನನ ತಲೆ ಮೊದಲಿಗಿಂತ ಗೋಜಲಾಗಿತ್ತು. ತಿಳಿದದ್ದನ್ನು ಹೇಳಿದಾಗ ಆ ಮನುಷ್ಯ ಉಳಿ ಕೆಳಗಿಟ್ಟ. ತಿಳಿಯದು ಎಂದಾಗ ಕೈಗೆತ್ತಿಕೊಂಡ. ಇದ್ಯಾವ ನ್ಯಾಯ? ಕೋಣೆಗೆ ಹೋಗಿ ಬಟ್ಟೆಗಳನ್ನು ಚೀಲಕ್ಕೆ ತುಂಬಿದ. ಸುತ್ತಿಗೆ, ಗ್ರಂಥ ಎರಡನ್ನೂ ಹಾಕಿದ.

ಅಯ್ಯನವರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಜೀವರತ್ನ ನಡೆದದ್ದನ್ನೆಲ್ಲ ಹೇಳಿದ.

"ನಾನು ಹೊರಡುತ್ತೇನೆ, ಗುರುಗಳೇ."

"ಯಾಕಪ್ಪ?"

"ಕಲಿಸುವವನಿಗೆ ಒಂದಾದರೂ ಗೊತ್ತಿರಬೇಕು. ನನ್ನ ಒಳಗೆ ಈಗ ಆರು ದಿನವೂ ಇಲ್ಲ, ಕೋಟಿ ವರ್ಷವೂ ಇಲ್ಲ. ಎಲ್ಲ ಕಲಸಿಹೋಗಿದೆ. ಯಾವುದಕ್ಕೂ ಆಕಾರವಿಲ್ಲ, ಬುಡವಿಲ್ಲ. ಬರೀ ಕತ್ತಲು. ಇಂಥ ಕಡೆ ಯಾರು ಉಳಿಯುತ್ತಾರೆ?"

ಅಯ್ಯನವರು ಪಕ್ಕಕ್ಕೆ ಸರಿದು ಮೆಟ್ಟಿಲ ಮೇಲೆ ಅವನಿಗೆ ಜಾಗ ಮಾಡಿದರು.

"ಮೊದಲನೆಯ ದಿನಕ್ಕೆ ಮುಂಚೆ ಎಲ್ಲವೂ ಹೀಗೇ ಇತ್ತಂತೆ. ದೇವರು ಅಲ್ಲಿಂದ ಎದ್ದು ಹೋಗಲಿಲ್ಲ."