ತೂಬು ಕಾಯ್ದ ಸೌಟು

ಡಂಗುರದವನು ಹೊನ್ನಗಟ್ಟದ ಬೀದಿಬೀದಿಯಲ್ಲಿ ಸಾರಿದ. ಕೆರೆಯ ತೂಬು ನಡೆಸುವ ತಂತ್ರಾಂಶ ಆಗೊಮ್ಮೆ ಈಗೊಮ್ಮೆ ಯಾಕೆ ಕುಸಿಯುತ್ತದೆಂದು ಕಂಡುಹಿಡಿದವರಿಗೆ ಅರಸ ಕೇಳಿದ್ದನ್ನು ಕೊಡುತ್ತಾನೆ. ಆದರೆ ಮೂರು ಒಗಟು ಬಿಡಿಸಬೇಕು. ತಾನು ತಿದ್ದಿದ ತಂತ್ರಾಂಶ ಓಡುವಾಗ ತೂಬಿನ ಬಾಯಿಗೆ ನಿಲ್ಲಬೇಕು. ಹುಣ್ಣಿಮೆಯೊಳಗೆ ಯಾರೂ ಗೆಲ್ಲದಿದ್ದರೆ ನೀರುಗಂಟಿ ಕೆಂಚಪ್ಪನಿಗೆ ಗಲ್ಲು.

ಪಾಪ, ಕೆಂಚಪ್ಪ ಮಾಡಿದ್ದೇನೂ ಇಲ್ಲ. ತಂತ್ರಾಂಶ ಕುಸಿದು, ತೂಬು ಬಾಯಿಬಿಟ್ಟು, ಏಳು ಹಳ್ಳಿಯ ಗದ್ದೆ ಕೊಚ್ಚಿಹೋದ ದಿನ ಕಾವಲಿಗಿದ್ದವನು ಅವನು. ಯಾರ ತಲೆಗಾದರೂ ಕಟ್ಟಬೇಕಲ್ಲ.

ಆ ತಂತ್ರಾಂಶ ಗುಟ್ಟಿನದಲ್ಲ. ಅರಮನೆಯ ಹೊರಗೋಡೆಯ ಮೇಲೆ ಸಾಲುಸಾಲಾಗಿ ಬರೆದಿತ್ತು. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಆ ಊರಿನ ಮಕ್ಕಳು ಅಕ್ಷರ ಕಲಿಯುತ್ತಿದ್ದುದೇ ಅದನ್ನು ಓದಿ.

ಮೊದಲು ಬಂದ ಪರದೇಶದ ಜಾಣ, ಯಂತ್ರ ಬಿಸಿಯಾಗುವುದೇ ಕಾರಣ ಎಂದ. ಮೂರನೇ ಸಲ ಓಡಿಸಿದಾಗ ನೀರು ಅವನನ್ನು ಒಯ್ದಿತು. ಆಮೇಲೆ ಬಂದ ಆಸ್ಥಾನ ಪಂಡಿತ, ತಂತ್ರಾಂಶ ತನ್ನ ಪ್ರತಿ ಹೆಜ್ಜೆಯನ್ನೂ ಬರೆದಿಡುವಂತೆ ಮಾಡಿದ. ಮೂರು ದಿನ ಏನೂ ಆಗಲಿಲ್ಲ. ಪಂಡಿತ ಮೀಸೆ ತಿರುವಿದ. ತೂಬು ನಿಧಾನವಾಯಿತೆಂದು ಅರಸ ಆ ಬರವಣಿಗೆ ತೆಗೆಸಿದ. ಮಧ್ಯಾಹ್ನದೊಳಗೆ ಪಂಡಿತನೂ ಕೊಚ್ಚಿಹೋದ.

ಹುಣ್ಣಿಮೆಯ ಹಿಂದಿನ ದಿನ ಬಂದವನು ಕೆಂಚಪ್ಪನ ತಮ್ಮ ಭರಮ, ಅನ್ನಛತ್ರದ ಅಡುಗೆಯವನು. ಅವನ ಕೈಗಂಟಿದ ಅರಿಶಿನ ನೋಡಿ ಸಭೆ ನಕ್ಕಿತು.

"ಕಾವಲಿಟ್ಟರೆ ಬಾರದ ಕಳ್ಳ, ಕಾವಲು ತೆಗೆದರೆ ಬರುತ್ತಾನೆ. ಯಾರು?" ಎಂದ ಅರಸ.

"ಬುದ್ಧೀ, ಆ ಕಳ್ಳ ಅಂದ್ರೆ ಹೊತ್ತು. ಪಂಡಿತರು ಹೆಜ್ಜೆಹೆಜ್ಜೆಗೂ ಬರೆಸಿದ್ರು, ಕೆಲಸ ನಿಧಾನ ಆಯ್ತು, ಅವಘಡದ ಗಳಿಗೆ ತಪ್ಪಿಹೋಯ್ತು. ತಪ್ಪು ಮಾತ್ರ ಹಾಗೇ ಉಳಿದಿತ್ತು, ಬರೆಸೋದು ನಿಲ್ಲಿಸಿದ ಕೂಡಲೇ ಮತ್ತೆ ಬಂತು."

ನಗು ನಿಂತಿತು. ಅರಸ ಎರಡನೆಯದನ್ನು ಕೇಳಿದ: "ಇಬ್ಬರೂ ಹೇಳಿದಂತೆಯೇ ಕೆಲಸ ಮಾಡಿದರು, ಆದರೂ ಮನೆಗೆ ಬೆಂಕಿ ಬಿತ್ತು. ಹೇಗೆ?"

"ನಮ್ಮ ಅಡುಗೆಮನೇಲಿ ಆಗಿತ್ತು ಬುದ್ಧಿ. ಒಲೆ ಮೇಲೆ ಪಾತ್ರೆ ಇದೆ ಅಂತ ನೋಡಿ ಒಬ್ಬ ಒಗ್ಗರಣೆ ತರೋಕೆ ತಿರುಗಿದ. ಅಷ್ಟರಲ್ಲಿ ಇನ್ನೊಬ್ಬ ಪಾತ್ರೆ ಇಳಿಸಿದ. ಮೊದಲನೆಯವನು ಎಣ್ಣೇನ ಬೆಂಕಿಗೇ ಸುರಿದ. ತಂತ್ರಾಂಶದೊಳಗೂ ಇಬ್ಬರು ಕೆಲಸಗಾರರಿದ್ದಾರೆ. ನೀರಿನ ಮಟ್ಟ ಬರೆದ ಹಲಗೆ ಇದೆ ಅಂತ ಒಬ್ಬ ಕೈ ಚಾಚೋದು, ಅಷ್ಟರಲ್ಲಿ ಇನ್ನೊಬ್ಬ ಅದನ್ನ ತೆಗೆಯೋದು. ಇಲ್ಲದ್ದನ್ನ ಹಿಡಿಯೋಕೆ ಹೋಗಿ ಎಲ್ಲಾ ಕುಸಿಯುತ್ತೆ."

"ಕೆಲಸ ಉಳಿಸುವ ಸೋಮಾರಿತನ ಯಾವುದು?" ಎಂದು ಅರಸ ಮೂರನೆಯದನ್ನು ಕೇಳಿದ.

"ಸರದಿ ಕಾಯೋದು. ಛತ್ರದಲ್ಲಿ ಒಂದೇ ಸೌಟು ತೂಗುಹಾಕಿದ್ದೀವಿ. ಅದು ಕೈಗೆ ಬರೋತನಕ ಯಾರೂ ಒಲೆ ಹತ್ರ ಹೋಗಂಗಿಲ್ಲ."

ಉತ್ತರ ಸರಿಯೋ ತಪ್ಪೋ ಅರಸನಿಗೂ ಗೊತ್ತಿರಲಿಲ್ಲ. ಭರಮ ಗೋಡೆಯ ಬಳಿ ಹೋಗಿ, ಮೊದಲು ಕಳ್ಳನನ್ನು ಬೇಕೆಂದೇ ಕರೆಯಲು, ಹಲಗೆ ನೋಡಿದ ಕೆಲಸಗಾರ ಅದನ್ನು ಮುಟ್ಟುವ ಮುಂಚೆ ಹತ್ತು ಎಣಿಸಲಿ ಎಂದು ಒಂದು ಸಾಲು ಸೇರಿಸಿದ. ಓಡಿಸಿದ ಕೂಡಲೇ ತಂತ್ರಾಂಶ ಕುಸಿಯಿತು. ಇನ್ನೊಮ್ಮೆ ಓಡಿಸಿದರೂ ಕುಸಿಯಿತು. ಆಗೊಮ್ಮೆ ಈಗೊಮ್ಮೆ ಬರುತ್ತಿದ್ದ ಕಳ್ಳ ಈಗ ಕರೆದಾಗಲೆಲ್ಲ ಬಂದ. ಆಮೇಲೆ ಭರಮ ಸೌಟಿನ ನಿಯಮ ಬರೆದ: ಒಂದೇ ಸೌಟು, ಅದು ಕೈಯಲ್ಲಿದ್ದವನು ಮಾತ್ರ ಹಲಗೆಯ ಹತ್ತಿರ ಹೋಗಬೇಕು. ಆ ಹತ್ತು ಎಣಿಕೆಯನ್ನು ಮಾತ್ರ ಅಳಿಸಬೇಡಿ, ತಪ್ಪು ಇನ್ನೂ ಉಳಿದಿದ್ದರೆ ಈಗಲೇ ಹೊರಬೀಳಲಿ ಎಂದು ಹೇಳಿ, ತೂಬಿನ ಬಾಯಿಗೆ ಹೋಗಿ ನಿಂತ.

ನೂರು ಸಲ ಓಡಿಸಿದರು. ಒಂದೊಂದು ಸಲವೂ ಅವನು ಕಣ್ಣು ಮುಚ್ಚಿದ. ನೂರು ಸಲವೂ ತೂಬು ಹೇಳಿದಷ್ಟೇ ತೆರೆದು, ನೀರು ಅವನ ಪಾದ ತೋಯಿಸಿ ಹೋಯಿತು.

ಆ ಇಬ್ಬರನ್ನು ನಿಯಮವಿಲ್ಲದೆ ಒಂದೇ ಕೆಲಸಕ್ಕೆ ಬಿಟ್ಟವನು ಯಾರೆಂದು ಅರಸ ಗುಡುಗಿದ.

"ತಿದ್ದಿದವರ ಮುದ್ರೆ ಸಾಲಿನ ಪಕ್ಕದಲ್ಲೇ ಇರುತ್ತಲ್ಲ, ಬುದ್ಧಿ" ಎಂದ ಭರಮ.

ಅರಸ ಗೋಡೆಯ ಹತ್ತಿರ ಹೋಗಿ ನೋಡಿದ. ಕೆಲಸ ಬೇಗ ಆಗಲೆಂದು ಎರಡನೇ ಕೆಲಸಗಾರನನ್ನು ಸೇರಿಸಿದ ಸಾಲಿನ ಪಕ್ಕದಲ್ಲಿದ್ದುದು ಅವನದೇ ಮುದ್ರೆ. ಅದನ್ನು ಓದದವರು ಊರಲ್ಲಿ ಇರಲಿಲ್ಲ.

ಏನು ಬೇಕೆಂದು ಅರಸ ಮೆಲ್ಲಗೆ ಕೇಳಿದ. ಅಣ್ಣನನ್ನು ಬಿಟ್ಟರೆ ಸಾಕು ಎಂದ ಭರಮ. ಕೆಂಚಪ್ಪನನ್ನು ಕರೆತಂದಾಗ ಅರಸನೇ ಮಂಡಿಯೂರಿ ಅವನನ್ನು ಕಟ್ಟಿದ್ದ ಹಗ್ಗಕ್ಕೆ ಕೈ ಹಾಕಿದ. ಗಂಟು ಬಿಗಿಯಾಗಿತ್ತು, ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಸಹಾಯಕ್ಕೆ ಯಾರೂ ಹೋಗಲಿಲ್ಲ.