ಎರಡೆಳೆಯ ಕಂಡಿಕೆ

“ಅಮಲು ಬಿಟ್ಟಿದ್ದೇನೆ ಎನ್ನುವವನನ್ನು ನಂಬುವುದು ಹೇಗೆ, ಗುರುಗಳೇ?” ಎಂದು ಶಿಷ್ಯ ಕೇಳಿದ.

ಶಿಷ್ಯ ಮಠದ ಉಗ್ರಾಣ ನೋಡಿಕೊಳ್ಳುವವನು. ಅವನ ಅಣ್ಣ ಅಡಿವೆಪ್ಪ ಏಳು ವರ್ಷ ಅಮಲಿನ ಮಾತ್ರೆ ನುಂಗಿದವನು. ಆ ಏಳು ವರ್ಷದಲ್ಲಿ ತಾಯಿಯ ಮೂಗುಬಟ್ಟು ಹೋಯಿತು, ಬಚ್ಚಲ ಹಂಡೆ ಹೋಯಿತು, ಕೊನೆಗೆ ಬಾಗಿಲಿನ ಚಿಲಕವೂ ಹೋಯಿತು. ಎಂಟು ತಿಂಗಳ ಹಿಂದೆ ಬಿಟ್ಟ. ಮೂರು ವಾರದಿಂದ ಮಠದ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಾನೆ. ಈ ದಿನ ಬೆಳಿಗ್ಗೆ ಒಂದು ಹಿತ್ತಾಳೆ ಚೊಂಬು ಕಾಣೆಯಾಗಿತ್ತು. ಹೊಟ್ಟೆ ನೆಗ್ಗಿದ ಹಳೆಯ ಚೊಂಬು.

“ಅವನನ್ನು ಇವತ್ತೇ ಕಳಿಸಿಬಿಡಲೇ? ಕಳಿಸಿದರೆ ಅವನಿಗೆ ಬೇರೆ ಜಾಗವಿಲ್ಲ. ಇಟ್ಟುಕೊಂಡರೆ ನನಗೆ ನೆಮ್ಮದಿಯಿಲ್ಲ. ಊಟದ ಪಂಕ್ತಿ ಏಳುವುದರೊಳಗೆ ಒಂದು ಮಾತು ಹೇಳಿಬಿಡಿ.”

ಗುರುಗಳು ಕೈಯಲ್ಲಿದ್ದ ಪಾತ್ರೆ ಚಾಚಿದರು. “ಮೊದಲು ಮಜ್ಜಿಗೆ ಹಾಕು.”

ಶಿಷ್ಯ ಹಾಕಿದ. ಅವನ ಕಣ್ಣು ಅಡುಗೆಮನೆಯ ಬಾಗಿಲ ಮೇಲಿತ್ತು.

“ಒಂದೂರಲ್ಲಿ ಒಬ್ಬ ನೇಕಾರನಿದ್ದ,” ಎಂದರು ಗುರುಗಳು. “ನಾನು ಕಣ್ಣಾರೆ ಕಂಡವನು. ನಾನು ಹುಟ್ಟುವುದಕ್ಕೆ ನೂರು ವರ್ಷ ಮುಂಚೆ.”

“ಅದು ಹೇಗೆ ಗುರುಗಳೇ—”

“ನಡುವೆ ಬಾಯಿ ಹಾಕಬೇಡ. ಕತೆಯ ಎಳೆ ಕಡಿಯುತ್ತದೆ.”

ಆ ನೇಕಾರ ಅಫೀಮು ತಿನ್ನುತ್ತಿದ್ದ. ದಿನಕ್ಕೆ ಕಡಲೆಕಾಳಿನಷ್ಟು. ಆಮೇಲೆ ಎರಡು ಕಾಳಿನಷ್ಟು. ಹೀಗೆ ಆರು ವರ್ಷ. ಅವನ ಮನೆಯಲ್ಲಿ ತಾಯಿಯಿದ್ದಳು, ಹೆಂಡತಿಯಿದ್ದಳು. ಮಗ್ಗದ ಮುಂದೆ ಕೂತಾಗ ಅವನ ಕೈ ತೇಲುತ್ತಿತ್ತು. ಅಡ್ಡಕ್ಕೆ ಹೋಗುವ ಹೊಕ್ಕು ನೂಲನ್ನು ಬಿಗಿಯಾಗಿ ಬಡಿಯಬೇಕಾದ ಕೈ ಸುಮ್ಮನೆ ಸವರುತ್ತಿತ್ತು. ಬಟ್ಟೆ ಜರಡಿಯಂತಾಗಬೇಕಿತ್ತು.

ಆಗಲಿಲ್ಲ. ಹೆಂಡತಿ ಕಂಡಿಕೆ ಸುತ್ತುವಾಗ ಒಂದೆಳೆಯ ಬದಲು ಎರಡೆಳೆ ಸುತ್ತಿದಳು. ಕಂಡಿಕೆಯೆಂದರೆ ಲಾಳಿಯೊಳಗೆ ಕೂರುವ ನೂಲಿನ ಸುರುಳಿ. ಎರಡೆಳೆಯ ನೂಲು ಬಟ್ಟೆಯ ಸಂದುಗಳನ್ನು ತುಂಬಿತು. ತಾಯಿ ಮಗ್ಗದ ಹಾಸಿನ ಉದ್ದೆಳೆಗಳಿಗೆ ಹಾಕುವ ಗಂಜಿಯನ್ನು ಎರಡರಷ್ಟು ಮಂದ ಮಾಡಿದಳು. ಹಾಸನ್ನು ತಮ್ಮ ಒಂದು ಸುತ್ತು ಹೆಚ್ಚು ಬಿಗಿದು ಕಟ್ಟಿದ.

“ತಮ್ಮ ಎಲ್ಲಿದ್ದ? ತಾಯಿ, ಹೆಂಡತಿ ಅಂತ ಮಾತ್ರ ಹೇಳಿದಿರಿ.”

“ಈಗ ಬಂದ. ಅಣ್ಣ ಕೆಟ್ಟಮೇಲೆ ತಮ್ಮಂದಿರು ಬರಲೇಬೇಕಲ್ಲ.”

ಶಿಷ್ಯ ತಲೆ ತಗ್ಗಿಸಿದ. ಅಡುಗೆಮನೆಯಲ್ಲಿ ಏನೋ ದಡ್ಡೆಂದಿತು. ಶಿಷ್ಯನ ಕೈ ಸೊಂಟದಲ್ಲಿದ್ದ ಉಗ್ರಾಣದ ಕೀಲಿಯನ್ನು ಹಿಡಿಯಿತು. ಒಳಗಿನಿಂದ ಅಡಿವೆಪ್ಪನ ದನಿ ಬಂತು. “ಏನಿಲ್ಲಪ್ಪೋ, ಕುಂಬಳಕಾಯಿ ಬಿತ್ತು!”

ಗುರುಗಳು ಮುಂದುವರಿಸಿದರು.

ಈ ಮೂವರೂ ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಹೇಳಿಕೊಂಡರೆ ಮನೆಯ ಮಾನ ಹೋಗುತ್ತದೆ ಎಂದು ಮೂವರಿಗೂ ಅನಿಸಿತ್ತು. ಮಾನವಿದ್ದದ್ದು ಆ ಮೂವರ ನಡುವೆಯೇ. ಹೊರಗಿನವರಿಗೆಲ್ಲ ಗೊತ್ತಿತ್ತು. ಹೇಗೋ ಬಟ್ಟೆ ಮಾತ್ರ ಚೆನ್ನಾಗಿಯೇ ಇಳಿಯುತ್ತಿತ್ತು.

ಆ ಊರಿಗೆ ಒಬ್ಬ ವೈದ್ಯ ಬಂದ. ಅಫೀಮು ಮನುಷ್ಯನಿಗೆ ಏನು ಮಾಡುತ್ತದೆ ಎಂಬುದನ್ನು ಶೋಧಿಸಿ ಗ್ರಂಥ ಬರೆಯುವುದು ಅವನ ಆಸೆ. ಮನುಷ್ಯರನ್ನು ಕೇಳಿದರೆ ಸುಳ್ಳು ಹೇಳುತ್ತಾರೆ ಎಂದು ಅವನು ಬಟ್ಟೆಯನ್ನು ನಂಬಿದ. ವಾರಕ್ಕೊಮ್ಮೆ ಬಂದು ನೇಕಾರನ ಬಟ್ಟೆಯಿಂದ ಅಂಗೈಯಗಲದ ತುಂಡು ಕತ್ತರಿಸಿ ಪುಸ್ತಕದ ಹಾಳೆಗೆ ಹೊಲಿದುಕೊಂಡು ಹೋಗುತ್ತಿದ್ದ.

ಅದೇ ವರ್ಷ ನೇಕಾರ ಅಫೀಮು ಬಿಟ್ಟ. ಹನ್ನೆರಡು ದಿನ ನಡುಗಿದ, ವಾಂತಿ ಮಾಡಿಕೊಂಡ, ಗೋಡೆಗೆ ತಲೆ ಚಚ್ಚಿಕೊಂಡ. ಹದಿಮೂರನೆಯ ದಿನ ಎದ್ದು ಸ್ನಾನ ಮಾಡಿ ಮಗ್ಗಕ್ಕಿಳಿದ. ಕೈಗೆ ಹಳೆಯ ಬಲ ಬಂದಿತ್ತು. ಬಿಗಿಯಾಗಿ ಬಡಿದು ನೇಯ್ದ.

ಬಟ್ಟೆ ಹಲಗೆಯಂತೆ ಇಳಿಯಿತು.

ಕೊಂಡವರು ವಾಪಸು ತಂದರು. ಒಬ್ಬಳು ಅಂಗಳದಲ್ಲಿ ನಿಂತು, “ಇದನ್ನು ಉಟ್ಟುಕೊಳ್ಳಬೇಕೋ, ಇದರಿಂದ ಬಾಗಿಲು ಮಾಡಿಸಬೇಕೋ?” ಎಂದು ಕೇಳಿ ಹೋದಳು. ಮರುವಾರವೂ ಹಾಗೆಯೇ. ಮಗ್ಗದ ಮೇಲೆ ಹಾಸಿನ ಎಳೆಗಳು ಪಟಪಟನೆ ಕಡಿದವು.

ಮನೆಯವರು ಮುಖ ಮುಖ ನೋಡಿಕೊಂಡರು. ಹೆಂಡತಿ ಗಂಡನ ಬಾಯಿ ಮೂಸಿದಳು. ತಾಯಿ ಅವನ ದಿಂಬು ಹರಿದು ನೋಡಿದಳು. ತಮ್ಮ ಮಗ್ಗದ ಕುಣಿಗಿಳಿದು ಮಣ್ಣು ಕೆದಕಿದ. ಏನೂ ಸಿಗಲಿಲ್ಲ. ಸಿಗದಿದ್ದದ್ದರಿಂದ ಅನುಮಾನ ಇನ್ನೂ ಹೆಚ್ಚಾಯಿತು.

“ಮತ್ತೆ ಸುರು ಮಾಡಿದಾನೆ. ಈ ಸಲ ಜಾಗ ಬದಲಿಸಿದಾನೆ ಅಷ್ಟೆ,” ಎಂದ ತಮ್ಮ.

“ನೇಕಾರನಿಗೆ ಎರಡೆಳೆ ಕಾಣಲಿಲ್ಲವೇ?” ಎಂದ ಶಿಷ್ಯ. “ಅವನು ಅಮಲಿನಲ್ಲಿರಲಿಲ್ಲವಲ್ಲ.”

“ಕಂಡಿತು,” ಎಂದರು ಗುರುಗಳು. “ಈಗಿನ ನೂಲೇ ಹೀಗಿರಬೇಕು, ನನಗೆ ಮರೆತಿರಬೇಕು ಅಂದುಕೊಂಡ. ಆರು ವರ್ಷ ತಪ್ಪು ಮಾಡಿದವನಿಗೆ ಮನೆಯಲ್ಲಿ ಪ್ರಶ್ನೆ ಕೇಳಲು ಬಾಯಿ ಬರುವುದಿಲ್ಲ ಕಣೋ. ಪಾತ್ರೆ ಬರಿದಾಯಿತು. ಮಜ್ಜಿಗೆ.”

ಶಿಷ್ಯ ಮತ್ತೆ ಹಾಕಿದ. ಅಡಿವೆಪ್ಪ ಬಾವಿಯ ಕಡೆ ಹೋಗುತ್ತಿದ್ದ. ಶಿಷ್ಯ ಅವನು ಎರಡೂ ಕೈ ಬೀಸಿಕೊಂಡು ಹೋಗುತ್ತಿದ್ದಾನೋ ಇಲ್ಲವೋ ಎಂದು ನೋಡಿದ. ಸ್ವಲ್ಪ ಮಜ್ಜಿಗೆ ನೆಲಕ್ಕೆ ಚೆಲ್ಲಿತು.

ವೈದ್ಯ ತನ್ನ ಪುಸ್ತಕ ಬಿಡಿಸಿ ನೋಡಿದ. ಅಫೀಮು ತಿನ್ನುತ್ತಿದ್ದಾಗಿನ ತುಂಡುಗಳು ಮಟ್ಟಸ. ಬಿಟ್ಟಮೇಲಿನ ತುಂಡುಗಳು ಹಲಗೆ. ಅವನು ಮೂರು ದಿನ ತಲೆ ಕೆರೆದುಕೊಂಡ. ನಾಲ್ಕನೆಯ ದಿನ ಬರೆದ: ನೇಕಾರರ ಕೈಗೆ ಅಫೀಮು ಹಿತ. ಬರೆದು ಮುಗಿಸಿ ನೇಕಾರನ ಮನೆಗೆ ಬಂದ. ಎಲ್ಲರ ಮುಂದೆ ಒಂದು ಕಾಳಿನಷ್ಟು ಅಫೀಮನ್ನು ಅವನ ಅಂಗೈ ಮೇಲಿಟ್ಟ.

“ಸ್ವಲ್ಪವೇ ತಗೋ. ಶಾಸ್ತ್ರವೇ ಹೇಳುತ್ತಿದೆ,” ಎಂದ.

ಯಾರೂ ತಡೆಯಲಿಲ್ಲ. ತಾಯಿ ಅಳುತ್ತ ಗಂಜಿ ತಿರುವುತ್ತಿದ್ದಳು. ಹೆಂಡತಿ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಹಾಸಿನ ಹಗ್ಗವನ್ನು ತಮ್ಮ ಬಿಗಿಯುತ್ತಿದ್ದ. ನೇಕಾರ ಅಂಗೈಯನ್ನೇ ನೋಡಿದ. ಬಾಯಲ್ಲಿ ನೀರೂರಿತು. ಇನ್ನೇನು ತಿನ್ನುವವನೇ. ತಿಂದಮೇಲೆ ಯಾರನ್ನೂ ಏನೂ ಕೇಳುವ ಹಾಗಿಲ್ಲ, ಒಂದು ಮಾತು ಕೇಳಿಬಿಡೋಣ ಎಂದುಕೊಂಡ.

“ಎರಡೆಳೆ ಯಾಕೆ ಸುತ್ತುತ್ತೀಯೆ?” ಎಂದು ಹೆಂಡತಿಯನ್ನು ಕೇಳಿದ.

“ಎರಡೆಳೆ ಎಲ್ಲಿ?” ಎಂದಳು ಹೆಂಡತಿ. “ನಾನು ಒಂದೇ ಎಳೆ ಸುತ್ತುತ್ತಿರೋದು.”

ಹೇಳುತ್ತ ತನ್ನ ಕೈ ನೋಡಿಕೊಂಡಳು. ಬೆರಳ ಸಂದಿನಲ್ಲಿ ಎರಡು ನೂಲು ಓಡುತ್ತಿದ್ದವು. ರಾಟೆ ನಿಂತಿತು. ತಾಯಿ ಗಂಜಿಯ ಸೌಟಿನಿಂದ ಕೈ ತೆಗೆದು ನೋಡಿದಳು. ಸೌಟು ತಾನಾಗಿಯೇ ನಿಲ್ಲುವಷ್ಟು ಗಂಜಿ ಮಂದವಿತ್ತು. ತಮ್ಮ ಹಗ್ಗದ ಸುತ್ತು ಎಣಿಸಿದ. ಒಂದು ಹೆಚ್ಚಿತ್ತು.

ವೈದ್ಯ ಪುಸ್ತಕದಿಂದ ಹಳೆಯ ತುಂಡೊಂದನ್ನು ಕಿತ್ತು ಎಳೆ ಎಳೆ ಬಿಡಿಸಿದ. ಎರಡೆಳೆ. ಇನ್ನೊಂದು ಕಿತ್ತ. ಎರಡೆಳೆ. ಅವನ ಪುಸ್ತಕದಲ್ಲಿ ರೋಗಿಯ ಹೆಸರು ಬರೆಯಲು ಒಂದೇ ಗೆರೆಯಿತ್ತು. ಅದರಲ್ಲಿದ್ದ ನೇಕಾರನ ಹೆಸರು ಹೊಡೆದು, ‘ಮನೆ’ ಎಂದು ಬರೆದ. ಅಂಗೈ ಮೇಲಿನ ಕಾಳನ್ನು ತಾನೇ ವಾಪಸು ತೆಗೆದುಕೊಂಡ.

ಗುರುಗಳು ನಿಲ್ಲಿಸಿದರು.

“ಅಲ್ಲಿಗೆ ನೇಕಾರ ವಾಸಿಯಾದನೇ?”

“ಎಲ್ಲಿ? ಮರುವರ್ಷ ಒಮ್ಮೆ ತಿಂದ. ಮತ್ತೆ ಬಿಟ್ಟ. ಹೆಂಡತಿಯೂ ಹಾಗೆಯೇ. ನಾಲ್ಕು ದಿನ ಒಂದೆಳೆ ಸುತ್ತುವಳು, ಐದನೆಯ ದಿನ ಕೈ ತಾನಾಗಿ ಎರಡಕ್ಕೆ ಹೋಗುವುದು. ‘ಏ, ಇವತ್ತು ನೀನು ಜಾರಿದೆ’ ಎಂದು ಗಂಡ ರೇಗಿಸುವನು. ಬಟ್ಟೆ ಹದಕ್ಕೆ ಬರಲು ಮೂರು ವರ್ಷ ಹಿಡಿಯಿತು. ಏಳು ಎಂದೂ ಹೇಳುತ್ತಾರೆ. ನಾನೇ ಇನ್ನೊಂದು ಕಡೆ ಹಾಗೆ ಹೇಳಿದ್ದೇನೆ.”

“ಹಾಗಾದರೆ ನಾನು ಉಗ್ರಾಣಕ್ಕೆ ಬೀಗ ಹಾಕಬಾರದೇ?”

“ಬೀಗ ಬೇಡ ಅಂತ ಯಾರು ಹೇಳಿದರು? ಮಠದಲ್ಲಿ ಬೆಕ್ಕಿದೆ.”

“ಮತ್ತೆ ಅಡಿವೆಪ್ಪನನ್ನು ಇಟ್ಟುಕೊಳ್ಳಲೋ, ಕಳಿಸಲೋ? ಕತೆಯಲ್ಲಿ ಚೊಂಬಿನ ವಿಷಯವೇ ಬರಲಿಲ್ಲವಲ್ಲ!”

ಗುರುಗಳು ಕೊನೆಯ ಗುಟುಕು ಕುಡಿದು ಪಾತ್ರೆಯನ್ನು ಶಿಷ್ಯನ ಮುಂದೆ ಇಟ್ಟರು. ಹಿತ್ತಾಳೆಯದು. ಹೊಟ್ಟೆ ನೆಗ್ಗಿತ್ತು.

“ಇದು... ಇದು ಎಲ್ಲಿ ಸಿಕ್ಕಿತು?”

“ಬೆಳಿಗ್ಗೆಯಿಂದ ನನ್ನ ಕೈಯಲ್ಲೇ ಇದೆ. ಇದಕ್ಕೆ ಎರಡು ಸಲ ಮಜ್ಜಿಗೆ ಹಾಕಿದವನು ನೀನೇ.”

ಅಷ್ಟರಲ್ಲಿ ಅಡಿವೆಪ್ಪ ಕೊಡ ಹೊತ್ತು ಬಾವಿಯಿಂದ ಬಂದ. ಅವನ ಹೆಜ್ಜೆ ಕೇಳಿದ್ದೇ ತಡ, ಶಿಷ್ಯನ ಕೈ ಸೊಂಟದ ಕೀಲಿಗೆ ಹೋಯಿತು. ಹೋದದ್ದು ಅವನಿಗೂ ಕಂಡಿತು. ತೆಗೆಯಬೇಕೋ ಅಲ್ಲೇ ಇಡಬೇಕೋ ತಿಳಿಯದೆ ಹಾಗೆಯೇ ಕೂತ.

ಗುರುಗಳು ಆ ಕೈಯನ್ನು ನೋಡಿ ಹೇಳಿದರು: “ಅವನು ಬಿಟ್ಟು ಎಂಟು ತಿಂಗಳಾಯಿತು, ನೀನಿನ್ನೂ ಬಿಟ್ಟಿಲ್ಲವಲ್ಲೋ.”