ದೊಡ್ಡಿ ಕಾವಲಿಗೆ ಎರಡು ದುರ್ಬೀನು

ಕುರುಚಲು ಗುಡ್ಡದ ಮಗ್ಗುಲಲ್ಲಿ ಅಡಿವೆಪ್ಪಜ್ಜನ ಮಠ. ಮಠಕ್ಕೆ ಅಂಟಿಕೊಂಡೇ ಒಂದು ಕುರಿದೊಡ್ಡಿ. ಕುರಿಗಳು ಲಗಮವ್ವನವು. ಗಂಡ ತೀರಿಕೊಂಡ ಮೇಲೆ ಅವಳ ಬದುಕು ನಿಂತದ್ದು ಆ ಹಿಂಡಿನ ಮೇಲೆಯೇ. ಹಗಲು ಅವಳು ಮೇಯಿಸುತ್ತಿದ್ದಳು, ರಾತ್ರಿ ಕಾವಲು ಮಠದ್ದು.

ಆ ಮಠದಲ್ಲಿ ಕಾವಲು ಕಾಯುವುದೂ ಒಂದು ಸಾಧನೆ. ಶಿಷ್ಯನಾದವನು ದೊಡ್ಡಿಯ ಬಾಗಿಲಲ್ಲಿ ಬೆಂಕಿ ಹಾಕಬೇಕು, ನಾಯಿಗಳನ್ನು ಬಿಡಬೇಕು, ಬಾಯ್ತುಂಬ ಭಜನೆ ಹಾಡುತ್ತ ಬೇಲಿಯ ಸುತ್ತ ತಿರುಗಬೇಕು.

ಈ ವರ್ಷದ ಪಾಳಿ ಮಾಳಿಂಗನದು. ಭಕ್ತಿ ಅವನಲ್ಲಿ ಬೇಕಾದಷ್ಟಿತ್ತು, ಕಂಠವೊಂದು ಇರಲಿಲ್ಲ. ಅವನು ರಾಗ ಎತ್ತಿದನೆಂದರೆ ಮಠದಲ್ಲಿ ಮಲಗಿದವರು ಕಂಬಳಿಯನ್ನು ಕಿವಿಯ ಮೇಲೆ ಎಳೆದುಕೊಳ್ಳುತ್ತಿದ್ದರು.

ಒಂದು ಬೆಳಗಿನ ಜಾವ ಮಾಳಿಂಗ ತೂಕಡಿಸಿದ. ಅಷ್ಟರಲ್ಲೇ ತೋಳ ಒಂದು ಮರಿಯನ್ನು ಹೊತ್ತೊಯ್ದಿತು.

ಲಗಮವ್ವ ಅಳಲೂ ಇಲ್ಲ, ಬೈಯಲೂ ಇಲ್ಲ.

"ಇನ್ನೊಂದು ಹೋತಂದ್ರ ಹಿಂಡು ಮಾರಿ ಬಿಡ್ತೀನಪಾ. ತೋಳಕ್ಕ ಹಾಕಾಕ ನಾ ಕುರಿ ಸಾಕಿಲ್ಲ" ಎಂದಳು.

"ಇನ್ನ ಒಂದೂ ಹೋಗೂದಿಲ್ಲ ಯವ್ವಾ" ಎಂದು ಮಾಳಿಂಗ ಮಾತು ಕೊಟ್ಟ.

ಸುದ್ದಿ ಕೇಳಿ ಪೇಟೆಯ ಭಕ್ತನೊಬ್ಬ ರಾತ್ರಿ ನೋಡುವ ಎರಡು ದುರ್ಬೀನು ಕಳಿಸಿದ. ಒಂದು, ಚುಕ್ಕಿಗಳ ಬೆಳಕನ್ನೇ ಹೆಚ್ಚಿಸಿ ಎಲ್ಲವನ್ನೂ ಹಸಿರಾಗಿ ತೋರಿಸುವಂಥದು. ಇನ್ನೊಂದು, ಮೈಯ ಶಾಖವನ್ನು ಹಿಡಿದು ಜೀವವಿದ್ದದ್ದನ್ನೆಲ್ಲ ಬೆಳ್ಳಗೆ ತೋರಿಸುವಂಥದು. ಬೇಕಾದ್ದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸು ಕಳಿಸಿ ಎಂದಿದ್ದ.

"ಯಾವ್ದು ಇಟ್ಕೊಳ್ಳೂಣ್ರಿ ಅಜ್ಜಾರ?" ಎಂದು ಮಾಳಿಂಗ ಕೇಳಿದ.

"ಕಾಯಾಂವ ನೀನು. ನನ್ನೇನು ಕೇಳ್ತಿ? ನೋಡಿ ಹೇಳು" ಎಂದ ಗುರು ಅಡಿವೆಪ್ಪಜ್ಜ.

ಆ ರಾತ್ರಿ ಮಾಳಿಂಗ ಪರೀಕ್ಷೆಗೆ ಕೂತ. ಹಸಿರು ದುರ್ಬೀನಿನಲ್ಲಿ ಬೆಂಕಿ ಕಣ್ಣಿಗೆ ಹೊಡೆಯಿತು. ಬೆಂಕಿ ಆರಿಸಿದ. ಬಿಳಿ ದುರ್ಬೀನಿನಲ್ಲಿ ನಾಯಿ ಯಾವುದು, ತೋಳ ಯಾವುದು ಎಂದು ಗುರುತು ಹತ್ತದಾಯಿತು. ನಾಯಿಗಳನ್ನು ಮಠದ ಹಿತ್ತಲಿನಲ್ಲಿ ಕಟ್ಟಿದ. ಇನ್ನು ಭಜನೆ. ಹಾಡುತ್ತಿದ್ದರೆ ತೋಳ ಹತ್ತಿರ ಸುಳಿಯುವುದಿಲ್ಲ, ಸುಳಿಯದಿದ್ದರೆ ಯಾವ ದುರ್ಬೀನು ಮೇಲು ಎಂದು ತಿಳಿಯುವುದು ಹೇಗೆ? ಹಾಡು ನಿಲ್ಲಿಸಿ ಬಂಡೆಯ ಮರೆಯಲ್ಲಿ ಉಸಿರು ಬಿಗಿ ಹಿಡಿದು ಕೂತ.

ಅಂದು ಮಠದಲ್ಲಿ ಎಲ್ಲರಿಗೂ ಸೊಗಸಾದ ನಿದ್ದೆ. ಅಜ್ಜನಿಗೂ.

ಬೆಳಗ್ಗೆ ಅಜ್ಜ ಅಂಗಳ ಗುಡಿಸುತ್ತಿದ್ದಾಗ ಮಾಳಿಂಗ ಬಂದು ನಿಂತ. ಮುಖ ಬಿಳಿಚಿಕೊಂಡಿತ್ತು.

"ತೋಳ ಬಂದಿತ್ರಿ."

"ಕಂಡಿತೇನು?"

"ಕಂಡಿತ್ರಿ. ಬಿಳಿ ದುರ್ಬೀನಿನ್ಯಾಗ. ಗುಡ್ಡ ಇಳಿದು ಬಂತು. ಕಿವಿ ಬ್ಯಾರೆ, ಬಾಲ ಬ್ಯಾರೆ ಕಾಣಾಕತ್ತಿತ್ತು. ಸಪ್ಪಳ ಆಗದಂಗ ಜಾಗ ಆರಿಸಿ ಆರಿಸಿ ಕಾಲು ಇಡ್ತಿತ್ರಿ. ಬೇಲಿ ಮಟ ಬಂತು, ನಿಂತಿತು, ಹಾರಿತು."

"ನೀ ಏನ್ ಮಾಡಿದಿ?"

"ನೋಡಿದ್ನಿರಿ."

ಅಜ್ಜ ಗುಡಿಸುವುದನ್ನು ನಿಲ್ಲಿಸಿದ.

"ಮರಿ?"

"ಹೋತ್ರಿ." ಮಾಳಿಂಗನಿಗೆ ಅಳು ತಡೆಯಲಾಗಲಿಲ್ಲ. "ಕೂಗಬೇಕು ಅನ್ನೂದ ಹೊಳೀಲಿಲ್ರಿ ಅಜ್ಜಾರ. ಅಷ್ಟು ಚಂದ ಕಾಣಾಕತ್ತಿತ್ತು."

ಸ್ವಲ್ಪ ಹೊತ್ತಿಗೆ ಲಗಮವ್ವ ಬಂದಳು. ಮಾಳಿಂಗ ಮುಚ್ಚಿಡದೆ ಎಲ್ಲವನ್ನೂ ಹೇಳಿದ. ಅವಳು ನಿಂತಲ್ಲೇ ನಿಂತು ಕೇಳಿದಳು.

"ಹೋದ ಸಲ ನಿನಗ ನಿದ್ದಿ ಹತ್ತಿತ್ತು" ಎಂದಳು. "ಈ ಸಲ ಎಚ್ಚರ ಇದ್ದಿ."

ಅವಳು ಬೈದಿದ್ದರೆ ಮಾಳಿಂಗನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನಾಳೆ ಸಂತಿ ಐತ್ರಿ ಅಜ್ಜಾರ. ಹಿಂಡು ಈಗ ಹೊಡ್ಕೊಂಡು ಹೋಗ್ತೀನಿ."

"ಇವತ್ತೊಂದು ರಾತ್ರಿ ಇರ್ಲಿ ತಂಗಿ" ಎಂದ ಅಜ್ಜ.

"ನಿಮ್ಮ ಮಾತಿಗೆ ಇಲ್ಲ ಅನ್ನೂದಿಲ್ಲ. ಇವತ್ತೊಂದು ರಾತ್ರಿ. ಒಂದು ಕಡಿಮಿ ಆದ್ರೂ ನಾಳೆ ಸಂತೀನ" ಎಂದು ಅವಳು ಕುರಿ ಹೊಡೆದುಕೊಂಡು ಗುಡ್ಡದ ಕಡೆ ಹೋದಳು.

ಮಧ್ಯಾಹ್ನ ಮಾಳಿಂಗ ರೊಟ್ಟಿ ಪಲ್ಯದ ತಾಟನ್ನು ಕಟ್ಟೆಯ ಮೇಲಿಟ್ಟು ಕೈ ತೊಳೆಯಲು ಹೋದ. ತಿರುಗಿ ಬರುವಾಗ ನೋಡುತ್ತಾನೆ, ಎಲ್ಲಿಂದಲೋ ಬಂದ ನಾಯಿಯೊಂದು ತಾಟಿಗೆ ಬಾಯಿ ಹಾಕಿದೆ. ಮಾರು ದೂರದಲ್ಲಿ ಅಜ್ಜ ಬಿಳಿ ದುರ್ಬೀನನ್ನು ಕಣ್ಣಿಗೆ ಹಿಡಿದು ಕೂತಿದ್ದಾನೆ.

"ಅಜ್ಜಾರ, ನಾಯಿ!"

"ನೋಡಾಕತ್ತೀನಪಾ. ಏನ್ ಸ್ವಚ್ಛ ಕಾಣತೈತಿ! ಮೈಯೆಲ್ಲ ಬೆಳ್ಳಗ, ಮೂಗಿನ ತುದಿ ಅಷ್ಟ ಕಪ್ಪಗ. ಮೂಗು ತಣ್ಣಗಿರ್ತೈತಿ ನೋಡು."

"ರೊಟ್ಟಿ ತಿನ್ನಾಕತ್ತೈತ್ರಿ!"

"ರೊಟ್ಟಿ ಆಗಳೇ ಆತು. ಈಗ ಪಲ್ಯಾಕ್ಕ ಬಂದೈತಿ."

ಮಾಳಿಂಗ "ಹಚ್ಯಾ! ಹಚ್ಯಾ!" ಎಂದು ಗಂಟಲು ಹರಿಯುವಂತೆ ಕಿರುಚುತ್ತ ಓಡಿ ಬಂದ. ನಾಯಿ ಬಾಲ ಮುದುರಿ ಪರಾರಿಯಾಯಿತು.

"ಓಡಿಸೇಬಿಟ್ಟೆಲ್ಲೋ" ಎಂದು ಅಜ್ಜ ದುರ್ಬೀನು ಕೆಳಗಿಟ್ಟ. "ಇನ್ನೂ ನೋಡೂದಿತ್ತು."

ಮಾಳಿಂಗನಿಗೆ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಖಾಲಿ ತಾಟು ಎತ್ತಿಕೊಂಡು ತೊಳೆಯಲು ಹೋದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಗಿತ್ತು.

ಸಂಜೆ ಲಗಮವ್ವ ಹಿಂಡನ್ನು ದೊಡ್ಡಿಗೆ ತುಂಬಿ ಮನೆಗೆ ಹೋದಳು. ಮಾಳಿಂಗ ಬಾಗಿಲಲ್ಲಿ ಕುಳ್ಳು ಒಟ್ಟಿ ಬೆಂಕಿ ಹಾಕಿದ. ನಾಯಿಗಳನ್ನು ಬಿಚ್ಚಿದ. ಆದರೆ ದುರ್ಬೀನಿನ ಆಸೆ ಅಷ್ಟು ಸುಲಭಕ್ಕೆ ಬಿಡುವಂಥದಲ್ಲ. ಎರಡು ಕೈಯಲ್ಲಿ ಎರಡನ್ನೂ ಹಿಡಿದು ಅಜ್ಜನ ಮುಂದೆ ಬಂದು ನಿಂತ.

"ಪೇಟಿಗೆ ಹೋಗೂ ಗಾಡಿ ಬಂದೈತ್ರಿ. ಒಂದನ್ನ ವಾಪಸು ಕಳಿಸಬೇಕು. ಹಸಿರಿಂದು ಇಟ್ಕೊಳ್ಳೂಣೋ, ಬಿಳೀದು ಇಟ್ಕೊಳ್ಳೂಣೋ? ಇವತ್ತಾದ್ರೂ ಹೇಳ್ರಿ ಅಜ್ಜಾರ."

ಅಜ್ಜ ಎರಡನ್ನೂ ಕೈಗೆ ತೆಗೆದುಕೊಂಡು, ತಿರುಗಿಸಿ ಮುರುಗಿಸಿ ನೋಡಿ, ಅವನಿಗೇ ವಾಪಸು ಕೊಟ್ಟ.

"ಯಾವುದರಾಗ ತೋಳಕ್ಕ ನೀ ಕಾಣ್ತೀಯೋ, ಅದನ್ನ ಇಟ್ಕೋ."